ಕೆರೆದಷ್ಟೂ ಹರಡುವ ಹುಣ್ಣು

ಚರ್ಮರೋಗ ವಿಭಾಗಕ್ಕೆ ಈ ಹುಣ್ಣು ಬರುವ ಹೊತ್ತಿಗೆ ರೋಗಿಯ ಫೈಲು ದಪ್ಪವಾಗಿರುತ್ತದೆ. ಮೊಣಕಾಲಿನ ಕೆಳಗೆ, ಮುಂಗಾಲ ಮೂಳೆಯ ಮೇಲೆ ಒಂದು ಕೀವುಗುಳ್ಳೆ ಎದ್ದಿತ್ತು. ಏನೋ ಕಚ್ಚಿರಬೇಕು, ಮಂಚದ ಅಂಚು ತಗುಲಿರಬೇಕು ಎಂದು ಬಿಟ್ಟದ್ದು ಎರಡು-ಮೂರು ದಿನದಲ್ಲಿ ಒಡೆಯಿತು, ವಾರ ಕಳೆಯುವುದರೊಳಗೆ ಅಂಗೈ ಅಗಲವಾಯಿತು. ಮೂರು ಬಗೆಯ ಆಂಟಿಬಯಾಟಿಕ್ ಮುಗಿದಿವೆ. ಸ್ವಾಬ್ ಕಲ್ಚರಿನಲ್ಲಿ (ಹುಣ್ಣಿನ ಮೇಲ್ಮೈ ಒರೆಸಿ ಸೂಕ್ಷ್ಮಾಣು ಬೆಳೆಸಿ ನೋಡುವ ಪರೀಕ್ಷೆ) ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆದಿದೆಯೆಂದು ನಾಲ್ಕನೆಯದು ಶುರುವಾಗಿದೆ. ಎರಡು ಸಲ ಥಿಯೇಟರಿಗೆ ಒಯ್ದು ಸತ್ತ ಮಾಂಸ ಕೆರೆದು ತೆಗೆದಿದ್ದಾರೆ. ಎರಡೂ ಸಲ ಒಂದೆರಡು ದಿನದಲ್ಲೇ ಅಂಚು ಮತ್ತೆ ಕಪ್ಪಿಟ್ಟು ಹೊರಕ್ಕೆ ಸರಿದಿದೆ. ಈ ಕೊನೆಯ ಮಾತು ಕೇಳಿದೊಡನೆ ನಮಗೆ ಅನುಮಾನ ಬರುವುದು ಪಯೋಡರ್ಮಾ ಗ್ಯಾಂಗ್ರೀನೋಸಮ್ ಮೇಲೆ. ವಾರ್ಡಿನ ಮಾತಿನಲ್ಲಿ ಪಿಜಿ.

ಅಪರೂಪದ ಕಾಯಿಲೆ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ 3ರಿಂದ 10 ಹೊಸ ರೋಗಿಗಳು ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಅಮೆರಿಕದ ಮೇಯೋ ಕ್ಲಿನಿಕ್‌ನ ಬ್ರನ್‌ಸ್ಟಿಂಗ್, ಗೋಕರ್‌ಮನ್, ಓಲೀರಿ ಎಂಬ ವೈದ್ಯರು 1930ರಲ್ಲಿ ಐದು ರೋಗಿಗಳ ವಿವರ ಬರೆದು ಹೆಸರಿಟ್ಟಾಗ ಇದನ್ನು ಸ್ಟ್ರೆಪ್ಟೋಕಾಕಸ್ ಸೋಂಕೆಂದೇ ನಂಬಿದ್ದರು. ಸೋಂಕಲ್ಲ ಎಂಬುದು ಆಮೇಲೆ ತಿಳಿಯಿತು. ಸೂಕ್ಷ್ಮಾಣುಗಳನ್ನು ಕೊಲ್ಲಬೇಕಾದ ನ್ಯೂಟ್ರೋಫಿಲ್ ಬಿಳಿ ರಕ್ತಕಣಗಳು ಶತ್ರುವಿಲ್ಲದೆಯೇ ಚರ್ಮದೊಳಗೆ ಗುಂಪುಗೂಡಿ, ತಮ್ಮ ಕಿಣ್ವಗಳಿಂದ ಅಲ್ಲಿನ ಅಂಗಾಂಶವನ್ನೇ ಕರಗಿಸುತ್ತವೆ. ಅವನ್ನು ಅಲ್ಲಿಗೆ ಕರೆಯುವ ಸಂದೇಶಗಳು ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-8 ಮೊದಲಾದವು. ಚರ್ಮಕ್ಕೆ ಪೆಟ್ಟಾದರೆ ಈ ಸಂದೇಶಗಳು ಇನ್ನೂ ಜೋರಾಗುತ್ತವೆ. ಕೆರೆದರೆ ಹುಣ್ಣು ಹರಡುವುದು ಇದಕ್ಕೇ. ಈ ಗುಣಕ್ಕೆ ಪೆಥರ್ಜಿ ಎನ್ನುತ್ತೇವೆ. ಎಲ್ಲ ರೋಗಿಗಳಲ್ಲೂ ಕಾಣುವುದಿಲ್ಲ, ಸುಮಾರು ನಾಲ್ಕರಲ್ಲೊಬ್ಬರಿಂದ ಮೂರರಲ್ಲೊಬ್ಬರಲ್ಲಿ ಕಾಣುತ್ತದೆ. ಸೂಜಿ ಚುಚ್ಚಿ ಪರೀಕ್ಷಿಸುವ ಬದಲು ನಾವು ಕೇಳಿ ತಿಳಿಯುತ್ತೇವೆ: ಡ್ರಿಪ್ ಹಾಕಿದ ಜಾಗದಲ್ಲಿ ಗುಳ್ಳೆ ಎದ್ದಿತ್ತೇ? ರಕ್ತ ತೆಗೆದ ಕಡೆ ಹುಣ್ಣಾಗಿತ್ತೇ?

ಮೊದಲ ದಿನದ ಕೆಲಸ ನೋಡುವುದು ಮತ್ತು ಅಳೆಯುವುದು. ಡ್ರೆಸ್ಸಿಂಗ್ ಬಿಚ್ಚುವ ಅರ್ಧ ಗಂಟೆ ಮೊದಲೇ ನೋವಿನ ಮಾತ್ರೆ ಕೊಡಬೇಕು. ಈ ಹುಣ್ಣಿನ ನೋವು ಅದರ ಗಾತ್ರಕ್ಕೆ ತಾಳೆಯಾಗುವುದಿಲ್ಲ, ಹೊದಿಕೆ ತಗುಲಿದರೂ ರೋಗಿ ಚೀರುತ್ತಾರೆ. ಅಂಚನ್ನು ಬೆಳಕಿನಲ್ಲಿ ನೋಡಬೇಕು. ಪುಸ್ತಕಗಳಲ್ಲಿ ‘ನೇರಳೆ ಅಂಚು’ ಎಂದಿರುತ್ತದೆ, ಆ ಚಿತ್ರಗಳೆಲ್ಲ ಬಿಳಿ ಚರ್ಮದವು. ನಮ್ಮ ಕಂದು ಚರ್ಮದಲ್ಲಿ ಅದು ಸೀಸದ ಬಣ್ಣದ, ಬೂದುಗಪ್ಪು ಪಟ್ಟಿಯಾಗಿ ಕಾಣುತ್ತದೆ. ಅದರಾಚೆಗಿನ ಕೆಂಪು ಕಣ್ಣಿಗೆ ಕಾಣದಿದ್ದರೂ ಕೈಗೆ ಬಿಸಿ ತಾಗುತ್ತದೆ, ಒತ್ತಿದರೆ ನೋಯುತ್ತದೆ. ಸ್ಟೆರೈಲ್ ಹತ್ತಿಕಡ್ಡಿಯನ್ನು ಉಪ್ಪುನೀರಿನಲ್ಲಿ ಅದ್ದಿ ಅಂಚಿನ ಅಡಿಗೆ ಮೆಲ್ಲಗೆ ತೂರಿಸಿದರೆ ಕೆಲವು ಮಿಲಿಮೀಟರ್ ಒಳಗೆ ಸರಿಯುತ್ತದೆ. ಮೇಲೆ ಚರ್ಮದ ತೆಳು ಚಾವಣಿ, ಕೆಳಗೆ ಟೊಳ್ಳು. ಅಂಚಿನಲ್ಲಿ ಅಲ್ಲಲ್ಲಿ ಸೂಜಿಮೊನೆಯಷ್ಟು ಕೀವಿನ ತೂತುಗಳಿರುತ್ತವೆ, ಒತ್ತಿದರೆ ರಕ್ತ ಬೆರೆತ ಕೀವು ಜಿನುಗುತ್ತದೆ.

ಗಾತ್ರವನ್ನು ಕಣ್ಣಂದಾಜಿನಲ್ಲಿ ಬರೆಯಬಾರದು. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಹುಣ್ಣಿನ ಮೇಲೆ ಹಿಡಿದು ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು, ತಾರೀಖು ಹಾಕಿ, ಯಾವ ಕಡೆ ಪಾದ ಎಂದು ಬಾಣದ ಗುರುತು ಮಾಡಿ ಫೈಲಿಗೆ ಸೇರಿಸಬೇಕು. ಹುಣ್ಣಿಗೆ ತಗುಲುವ ಬದಿಗೆ ಇನ್ನೊಂದು ತೆಳು ಹಾಳೆ ಇಟ್ಟು, ಬಳಸಿದ ಮೇಲೆ ಅದನ್ನು ಬಿಸಾಡಬೇಕು. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಬೇಕು. ವಾರಕ್ಕೊಂದು ಗೆರೆ ಸಾಕು. ಔಷಧಿ ಕೆಲಸ ಮಾಡುತ್ತಿದೆಯೇ ಎಂಬ ವಾದ ಬಂದಾಗ ತೀರ್ಪು ಕೊಡುವುದು ಈ ಹಾಳೆಗಳು.

ನೋಡಲು ಪಿಜಿಯಂತಿದ್ದರೂ ತಕ್ಷಣ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಬರೆಯುವಂತಿಲ್ಲ. ಪಿಜಿಯನ್ನು ಖಚಿತಪಡಿಸುವ ರಕ್ತಪರೀಕ್ಷೆ ಇಲ್ಲ, ಬಯಾಪ್ಸಿಯೊಂದೇ (ಚರ್ಮದ ತುಂಡು ತೆಗೆದು ನೋಡುವ ಪರೀಕ್ಷೆ) ಸಾಕೆನ್ನುವ ಹಾಗೂ ಇಲ್ಲ. ಬೇರೆಲ್ಲವನ್ನೂ ತಳ್ಳಿಹಾಕಿಯೇ ಇಲ್ಲಿಗೆ ಬರಬೇಕು. ಪಿಜಿ ಎಂದು ಚಿಕಿತ್ಸೆ ಪಡೆದವರಲ್ಲಿ ಹತ್ತರಲ್ಲೊಬ್ಬರಿಗೆ ನಿಜದಲ್ಲಿ ಬೇರೆ ಕಾಯಿಲೆ ಇತ್ತೆಂದು ಮೇಯೋ ಕ್ಲಿನಿಕ್‌ನವರೇ 2002ರಲ್ಲಿ ತೋರಿಸಿಕೊಟ್ಟರು. ನಮ್ಮ ಕಡೆ ಈ ಪಟ್ಟಿ ಇನ್ನೂ ಉದ್ದ.

ಬೀಡಿ-ಸಿಗರೇಟಿನ ಚಟವಿದ್ದು ಪಾದದ ನಾಡಿ ಸಿಗದಿದ್ದರೆ ಮೊದಲು ರಕ್ತನಾಳ ನೋಡಬೇಕು. ಕಣಕಾಲಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ರಕ್ತ ಸಾಲುತ್ತಿಲ್ಲ ಎಂದರ್ಥ. ಒಳಗಣಕಾಲಿನ ಹತ್ತಿರ ಉಬ್ಬಿದ ರಕ್ತನಾಳ, ಕಪ್ಪು ಕಲೆ ಇದ್ದರೆ ವೆರಿಕೋಸ್ ಹುಣ್ಣು. ಪಾದದಡಿಯ ಹುಣ್ಣು ನೋಯುತ್ತಲೇ ಇಲ್ಲ ಎಂದರೆ ಕುಷ್ಠ ಅಥವಾ ಸಕ್ಕರೆ ಕಾಯಿಲೆಯ ನರದೋಷ. ಎಚ್.ಡಿ. ಕೋಟೆ, ಚಾಮರಾಜನಗರದ ಕಡೆಯ ಬುಡಕಟ್ಟಿನ ಯುವಕರ ಕಣಕಾಲಿನಲ್ಲಿ ಮಾಯದ ಹುಣ್ಣಿದ್ದರೆ ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಆನುವಂಶಿಕ ಕಾಯಿಲೆ) ಪರೀಕ್ಷೆ ಮಾಡಿಸದೆ ಮುಂದುವರಿಯಬಾರದು. ಎದೆನೋವಿಗೆ ನಿಕೊರಾಂಡಿಲ್, ರಕ್ತದ ಕಾಯಿಲೆಗೆ ಹೈಡ್ರಾಕ್ಸಿಯೂರಿಯಾ ತೆಗೆದುಕೊಳ್ಳುವವರಿಗೆ ಆ ಮಾತ್ರೆಯಿಂದಲೇ ಹುಣ್ಣಾಗಬಹುದು, ನಿಲ್ಲಿಸಿದರೆ ವಾಸಿಯಾಗುತ್ತದೆ. ಚರ್ಮದ ಕ್ಷಯ, ಆಳದ ಫಂಗಸ್, ವ್ಯಾಸ್ಕುಲೈಟಿಸ್ (ರಕ್ತನಾಳದ ಉರಿಯೂತ), ರಕ್ತ ಹೆಪ್ಪುಗಟ್ಟಿಸುವ ಆಂಟಿಫಾಸ್ಫೊಲಿಪಿಡ್ ದೋಷ, ಹಳೆಯ ಹುಣ್ಣಿನಲ್ಲಿ ಹುಟ್ಟಿದ ಕ್ಯಾನ್ಸರ್ ಇವೂ ಸಾಲಿನಲ್ಲಿವೆ.

ನಾವು ಹೆಚ್ಚು ಹೆದರುವುದು ಕರಾವಳಿಯ ಮೆಲಿಯಾಯ್ಡೋಸಿಸ್‌ಗೆ. ಮಂಗಳೂರು, ಉಡುಪಿಯ ಕಡೆ ಮಳೆಗಾಲದಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯವರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಮಣ್ಣು-ನೀರಿನಲ್ಲಿರುವ ಬರ್ಕ್‌ಹೋಲ್ಡೇರಿಯಾ ಸೂಡೊಮ್ಯಾಲೈ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಸಣ್ಣ ಲ್ಯಾಬಿನಲ್ಲಿ ಅದು ‘ಸ್ಯೂಡೋಮೊನಾಸ್ ಜಾತಿ’ ಎಂದು ವರದಿಯಾಗಿ, ಮೇಲ್ಮೈಯ ಕೊಳೆ ಎಂದು ಪಕ್ಕಕ್ಕೆ ಸರಿಯಬಹುದು. ಅದಕ್ಕೆ ಸ್ಟೀರಾಯ್ಡ್ ಕೊಟ್ಟರೆ ಜೀವಕ್ಕೇ ಅಪಾಯ. ಆದ್ದರಿಂದ ಕರಾವಳಿಯ, ಗದ್ದೆ ಕೆಲಸದ, ಜ್ವರವಿರುವ ರೋಗಿಯ ಕಲ್ಚರ್ ಕಳಿಸುವಾಗ ಚೀಟಿಯ ಮೇಲೆ ‘ಮೆಲಿಯಾಯ್ಡೋಸಿಸ್ ನೋಡಿ’ ಎಂದು ಬರೆದೇ ಕಳಿಸುತ್ತೇವೆ.

ಇನ್ನು ಬಯಾಪ್ಸಿ. ಕತ್ತರಿಸಬಾರದು ಎನ್ನುತ್ತ ಬಯಾಪ್ಸಿಗೆ ಕತ್ತರಿಸುವುದು ಹೇಗೆ ಎಂದು ರೋಗಿಯ ಮನೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಚಿಕ್ಕದೊಂದು ಗಾಯದಿಂದ ಅಂಚು ಸ್ವಲ್ಪ ಹಿಗ್ಗಬಹುದು. ಅದನ್ನು ಔಷಧಿಯಿಂದ ಹಿಡಿಯಬಹುದು, ಆದರೆ ಕ್ಯಾನ್ಸರನ್ನೋ ಕ್ಷಯವನ್ನೋ ತಪ್ಪಿಸಿಕೊಂಡರೆ ಹಿಡಿಯಲಾಗದು. ಹುಣ್ಣಿನ ತಳದ ನಡುವಿನಿಂದ ತೆಗೆದ ತುಂಡಿನಲ್ಲಿ ಸತ್ತ ಅಂಗಾಂಶ ಬಿಟ್ಟು ಬೇರೇನೂ ಸಿಗುವುದಿಲ್ಲ. ಬಲು ಚುರುಕಾಗಿರುವ ಅಂಚನ್ನು ಆರಿಸಿ, ಲಿಗ್ನೊಕೇನ್ ಕೊಟ್ಟು, ಅಂಚಿಗೆ ಅಡ್ಡಲಾಗಿ ಹೊರಗಿನ ಚರ್ಮ ಸ್ವಲ್ಪ, ಅಂಚು, ಒಳಗಿನ ಹುಣ್ಣು ಸ್ವಲ್ಪ ಸೇರುವಂತೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಉದ್ದದ ದೋಣಿಯಾಕಾರದ ತುಂಡನ್ನು ಕೊಬ್ಬಿನ ಪದರದವರೆಗೂ ತೆಗೆಯುತ್ತೇವೆ. 3 ಮಿಲಿಮೀಟರಿನ ಪಂಚ್ (ದುಂಡಗೆ ತುಂಡು ತೆಗೆಯುವ ಸಣ್ಣ ಸಲಕರಣೆ) ಇಲ್ಲಿ ಸಾಲದು.

ಆ ತುಂಡನ್ನು ಟೇಬಲಿನ ಮೇಲೆಯೇ ಭಾಗ ಮಾಡಬೇಕು. ಒಂದು ಭಾಗ ಫಾರ್ಮಲಿನ್ ಬಾಟಲಿಗೆ, ಪೆಥಾಲಜಿಗೆ. ಇನ್ನೊಂದು ಸ್ಟೆರೈಲ್ ಸೆಲೈನಿಗೆ: ಗ್ರಾಮ್ ಸ್ಟೇನ್, ಬ್ಯಾಕ್ಟೀರಿಯಾ ಕಲ್ಚರ್, ಕ್ಷಯದ ಕಲ್ಚರ್ ಮತ್ತು ಸಿಬಿನ್ಯಾಟ್ (ಕ್ಷಯವನ್ನು ಬೇಗ ಪತ್ತೆಹಚ್ಚುವ ಜೀನ್ ಪರೀಕ್ಷೆ), ಫಂಗಸ್ ಕಲ್ಚರ್. ವ್ಯಾಸ್ಕುಲೈಟಿಸ್ ಅನುಮಾನವಿದ್ದರೆ ಮೂರನೆಯದು ಇಮ್ಯುನೊಫ್ಲೋರೆಸೆನ್ಸಿಗೆ (ಅಂಗಾಂಶದಲ್ಲಿನ ಪ್ರತಿಕಾಯಗಳನ್ನು ಹೊಳೆಯುವಂತೆ ಮಾಡಿ ನೋಡುವ ಪರೀಕ್ಷೆ), ಮಿಷೆಲ್ ದ್ರಾವಣದಲ್ಲಿ. ಪದೇ ಪದೇ ಕಾಣುವ ತಪ್ಪೆಂದರೆ ಇಡೀ ತುಂಡು ಫಾರ್ಮಲಿನ್‌ಗೆ ಬೀಳುವುದು. ಫಾರ್ಮಲಿನ್ ಎಲ್ಲ ಸೂಕ್ಷ್ಮಾಣುಗಳನ್ನೂ ಕೊಲ್ಲುತ್ತದೆ, ಆಮೇಲೆ ಕಲ್ಚರಿಗೆ ಮತ್ತೆ ಕತ್ತರಿಸಬೇಕಾಗುತ್ತದೆ. ಮೇಲ್ಮೈಯ ಸ್ವಾಬ್ ಇದಕ್ಕೆ ಬದಲಿಯಲ್ಲ. ತೆರೆದ ಹುಣ್ಣಿನ ಮೇಲೆ ಏನಾದರೊಂದು ಬೆಳೆದೇ ಬೆಳೆಯುತ್ತದೆ, ಅದನ್ನು ಕಾರಣವೆಂದು ಹಿಡಿದದ್ದರಿಂದಲೇ ಫೈಲಿನಲ್ಲಿ ಆ ನಾಲ್ಕನೆಯ ಆಂಟಿಬಯಾಟಿಕ್ ಬಂದಿರುವುದು.

ಪೆಥಾಲಜಿ ಚೀಟಿಯಲ್ಲಿ ಬರೇ ‘ಕಾಲಿನ ಹುಣ್ಣು’ ಎಂದು ಬರೆದರೆ ‘ನಾನ್‌ಸ್ಪೆಸಿಫಿಕ್ ಇನ್‌ಫ್ಲಮೇಷನ್’ ಎಂಬ ಉತ್ತರ ವಾಪಸ್ ಬರುತ್ತದೆ. ಎಷ್ಟು ದಿನದಿಂದ ಇದೆ, ಎಷ್ಟು ಬೇಗ ಹರಡಿತು, ಸ್ಟೀರಾಯ್ಡ್ ಶುರುವಾಗಿದೆಯೇ, ಅಂಚಿನ ಯಾವ ಕಡೆಯಿಂದ ತೆಗೆದದ್ದು, ಯಾವುದರ ಅನುಮಾನ, ಇವೆಲ್ಲ ಇರಬೇಕು. ಪಿಜಿಯಲ್ಲಿ ನಾವು ನಿರೀಕ್ಷಿಸುವುದು ಚರ್ಮದಾಳದಲ್ಲಿ ನ್ಯೂಟ್ರೋಫಿಲ್‌ಗಳ ದಟ್ಟಣೆ, ಜೊತೆಗೆ ಕ್ಷಯ ಮತ್ತು ಫಂಗಸ್ಸಿನ ಸ್ಟೇನುಗಳಲ್ಲಿ ಏನೂ ಇಲ್ಲದಿರುವುದು. ಅಕ್ಕಪಕ್ಕದ ಸಣ್ಣ ರಕ್ತನಾಳಗಳಲ್ಲಿ ಒಂದಿಷ್ಟು ಹಾನಿ ಕಂಡ ಮಾತ್ರಕ್ಕೆ ಅದು ವ್ಯಾಸ್ಕುಲೈಟಿಸ್ ಆಗಿಬಿಡುವುದಿಲ್ಲ, ನ್ಯೂಟ್ರೋಫಿಲ್‌ಗಳ ಗದ್ದಲದಲ್ಲಿ ನಾಳಗಳಿಗೂ ಪೆಟ್ಟು ಬೀಳುತ್ತದೆ.

ಇವನ್ನೆಲ್ಲ ಕೂಡಿಸಿ ನೋಡಲು 2018ರಲ್ಲಿ ತಜ್ಞರ ಸಮಿತಿಯೊಂದು ಒಪ್ಪಿದ ಮಾನದಂಡ ಉಪಯೋಗಕ್ಕೆ ಬರುತ್ತದೆ. ಅಂಚಿನ ಬಯಾಪ್ಸಿಯಲ್ಲಿ ನ್ಯೂಟ್ರೋಫಿಲ್‌ಗಳು ಇರಲೇಬೇಕು. ಅದರ ಮೇಲೆ ಎಂಟು ಅಂಶಗಳಲ್ಲಿ ನಾಲ್ಕಾದರೂ ಕೂಡಬೇಕು: ಸೋಂಕನ್ನು ತಳ್ಳಿಹಾಕಿರುವುದು, ಪೆಥರ್ಜಿ, ಕರುಳಿನ ಉರಿಯೂತ ಅಥವಾ ಸಂಧಿವಾತದ ಇತಿಹಾಸ, ಗುಳ್ಳೆ ಎದ್ದ ನಾಲ್ಕು ದಿನದೊಳಗೆ ಹುಣ್ಣಾಗಿರುವುದು, ಸುತ್ತ ಕೆಂಪು-ಟೊಳ್ಳು ಅಂಚು-ನೋವು ಮೂರೂ ಇರುವುದು, ಹಲವು ಹುಣ್ಣುಗಳಿದ್ದು ಒಂದಾದರೂ ಮುಂಗಾಲ ಮೇಲಿರುವುದು, ಮಾಗಿದ ಕಡೆ ಜರಡಿಯಂತೆ ತೂತುತೂತಾದ ಅಥವಾ ಸುಕ್ಕುಗಟ್ಟಿದ ಕಲೆ, ಚಿಕಿತ್ಸೆ ಶುರುವಾದ ತಿಂಗಳೊಳಗೆ ಹುಣ್ಣು ಕುಗ್ಗಿರುವುದು. ಕೊನೆಯ ಅಂಶ ಮೊದಲ ದಿನ ಯಾರ ಕೈಯಲ್ಲೂ ಇರುವುದಿಲ್ಲವಲ್ಲ! ಹಾಗಾಗಿ ರೋಗನಿರ್ಣಯ ಒಂದೇ ದಿನದ ತೀರ್ಮಾನವಲ್ಲ, ತಿಂಗಳ ಕೊನೆಗೆ ಮತ್ತೊಮ್ಮೆ ಕೂತು ನೋಡಬೇಕಾದ್ದು.

ಕ್ಷಯದ ಕಲ್ಚರಿಗೆ ಆರರಿಂದ ಎಂಟು ವಾರ ಬೇಕು. ಅಷ್ಟು ದಿನ ಕಾದರೆ ಸ್ನಾಯು ಕಾಣುವಷ್ಟು ಆಳವಾಗುತ್ತದೆ. ಸ್ಮಿಯರುಗಳು, ಸಿಬಿನ್ಯಾಟ್ ನೆಗೆಟಿವ್ ಬಂದು, 72 ಗಂಟೆಯಾದರೂ ಅಂಗಾಂಶದ ಬ್ಯಾಕ್ಟೀರಿಯಾ ಕಲ್ಚರಿನಲ್ಲಿ ಏನೂ ಬೆಳೆಯದೆ, ಪೆಥಾಲಜಿಯಲ್ಲಿ ಗ್ರ್ಯಾನ್ಯುಲೋಮಾ (ಕ್ಷಯದಂಥ ಕಾಯಿಲೆಯಲ್ಲಿ ಕಾಣುವ ಕಣಗಳ ಗಂಟು) ಕಾಣದಿದ್ದರೆ ನಾವು ಚಿಕಿತ್ಸೆ ಶುರು ಮಾಡಿ, ಉಳಿದ ವರದಿಗಳ ಮೇಲೆ ಕಣ್ಣಿಟ್ಟಿರುತ್ತೇವೆ.

ಅದೇ ದಿನಗಳಲ್ಲಿ ಎರಡನೆಯ ಕಾಯಿಲೆಯ ಹುಡುಕಾಟವೂ ನಡೆಯಬೇಕು. ಪಿಜಿ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ದೇಹದೊಳಗೆ ಇನ್ನೊಂದು ರೋಗವಿರುತ್ತದೆ. ಅಮೆರಿಕದ ಹಲವು ಆಸ್ಪತ್ರೆಗಳ 356 ರೋಗಿಗಳ ದಾಖಲೆ ನೋಡಿದಾಗ 41 ಶೇಕಡಾ ಮಂದಿಗೆ ಕರುಳಿನ ಉರಿಯೂತ, ಸುಮಾರು 20 ಶೇಕಡಾ ಮಂದಿಗೆ ಉರಿಯೂತದ ಸಂಧಿವಾತ ಇತ್ತು. ರಕ್ತದ ಕ್ಯಾನ್ಸರ್ ಸುಮಾರು 6 ಶೇಕಡಾ. ವಯಸ್ಸಿನ ಮೇಲೆ ಚಿತ್ರ ಬದಲಾಗುತ್ತದೆ. ಕಿರಿಯರಲ್ಲಿ ಕರುಳು ಮುಂದೆ, 65 ದಾಟಿದವರಲ್ಲಿ ಸಂಧಿವಾತ, ಕ್ಯಾನ್ಸರ್, ರಕ್ತದ ಕಾಯಿಲೆ ಮುಂದೆ.

ಕರುಳಿನ ಬಗ್ಗೆ ಕೇಳುವುದರಲ್ಲೇ ಅರ್ಧ ಕೆಲಸವಿದೆ. ‘ಭೇದಿ ಆಗುತ್ತಾ?’ ಎಂದರೆ ಇಲ್ಲ ಎಂಬ ಉತ್ತರವೇ ಬರುವುದು. ರಾತ್ರಿ ನಿದ್ದೆಯಿಂದ ಎದ್ದು ಹೋಗಬೇಕಾಗುತ್ತದೆಯೇ, ಮಲದಲ್ಲಿ ಲೋಳೆಯೋ ರಕ್ತವೋ ಕಂಡಿದೆಯೇ, ಮೂಲವ್ಯಾಧಿ ಎಂದು ಯಾರಾದರೂ ಔಷಧಿ ಕೊಟ್ಟಿದ್ದರೇ ಎಂದು ಬಿಡಿಸಿ ಕೇಳಬೇಕು. ವರ್ಷಗಟ್ಟಲೆ ಮೂಲವ್ಯಾಧಿಯ ಲೇಹ್ಯ ತಿಂದ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡಕರುಳಿನ ಉರಿಯೂತ) ರೋಗಿಗಳು ನಮ್ಮಲ್ಲಿ ಕಡಿಮೆಯಿಲ್ಲ. ಹೊಟ್ಟೆಯ ತೊಂದರೆ ಏನೂ ಇಲ್ಲದವರಲ್ಲೂ ಕರುಳಿನ ಉರಿಯೂತದ ಸುಳಿವು ಕೊಡುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ನೋಡುತ್ತೇವೆ. ಹೆಚ್ಚಿದ್ದರೆ ಕೊಲೊನೊಸ್ಕೋಪಿ, ಸಣ್ಣಕರುಳಿನ ತುದಿಯವರೆಗೆ, ಕಣ್ಣಿಗೆ ಸರಿಯಾಗಿ ಕಂಡ ಕಡೆಯಿಂದಲೂ ಬಯಾಪ್ಸಿ ಸಹಿತ. ಹುಣ್ಣು ಮೊದಲು ಬಂದು ಕರುಳಿನ ಕಾಯಿಲೆ ತಿಂಗಳು, ವರ್ಷಗಳ ನಂತರ ಕಾಣಿಸಿಕೊಳ್ಳುವುದೂ ಉಂಟು. ಕರುಳು ಶಾಂತವಾಗಿದ್ದಾಗ ಕಾಲು ಕೆರಳುವುದೂ ಉಂಟು. ಎರಡೂ ಜೊತೆಜೊತೆಯಾಗಿ ಏರಿಳಿಯುತ್ತವೆ ಎಂದು ಲೆಕ್ಕ ಹಾಕಬಾರದು.

ಭಾರತದಲ್ಲಿ ಇಲ್ಲೊಂದು ತೊಡಕಿದೆ. ಕರುಳಿನ ಉರಿಯೂತದ ಇನ್ನೊಂದು ಬಗೆಯಾದ ಕ್ರೋನ್ಸ್ ಕಾಯಿಲೆಯೂ ಕರುಳಿನ ಕ್ಷಯವೂ ಸ್ಕೋಪಿಯಲ್ಲಿ ಒಂದರಂತೊಂದು ಕಾಣುತ್ತವೆ, ಎಷ್ಟೋ ರೋಗಿಗಳಿಗೆ ಮೊದಲು ಕ್ಷಯದ ಔಷಧಿ ಕೊಟ್ಟು ನೋಡುತ್ತಾರೆ. ಅದರಲ್ಲಿರುವ ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಹುರಿಗೊಳಿಸಿ ಪಿಜಿಗೆ ಕೊಡುವ, ರೋಗನಿರೋಧಕ ಶಕ್ತಿ ತಗ್ಗಿಸುವ ಸೈಕ್ಲೋಸ್ಪೊರಿನ್ ಮಟ್ಟವನ್ನು ಪಾತಾಳಕ್ಕಿಳಿಸುತ್ತದೆ, ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡಿನ ಪರಿಣಾಮವನ್ನೂ ತಗ್ಗಿಸುತ್ತದೆ. ಡೋಸು ಸರಿಯಿದ್ದೂ ಹುಣ್ಣು ಮಾಯುತ್ತಿಲ್ಲವೆಂದರೆ ಮಾತ್ರೆಗಳ ಪೂರ್ತಿ ಪಟ್ಟಿ ಕೇಳಿ.

ರಕ್ತದ ಕಡೆಯಿಂದ ಬರಬೇಕಾದವು ಇಷ್ಟು: ಪೂರ್ತಿ ರಕ್ತಕಣಗಳ ಎಣಿಕೆ, ಸ್ಮಿಯರನ್ನು ಪೆಥಾಲಜಿಸ್ಟ್ ಕಣ್ಣಾರೆ ನೋಡಿದ ವರದಿ, ರಕ್ತದ ಪ್ರೊಟೀನುಗಳನ್ನು ಬೇರ್ಪಡಿಸಿ ನೋಡುವ ಸೀರಮ್ ಪ್ರೊಟೀನ್ ಎಲೆಕ್ಟ್ರೊಫೊರೆಸಿಸ್, ಅದರಲ್ಲಿ ಅಸಹಜ ಪ್ರೊಟೀನಿನ ಪಟ್ಟಿ ಕಂಡರೆ ಅದರ ಬಗೆ ತಿಳಿಯಲು ಇಮ್ಯುನೊಫಿಕ್ಸೇಷನ್. ಪಿಜಿಯ ಜೊತೆ ಹೆಚ್ಚಾಗಿ ಸಿಗುವುದು ಐಜಿಎ ಎಂಬ ಪ್ರತಿಕಾಯದ ಬಗೆಯದು. ಹುಣ್ಣು ಕಾಲು ಬಿಟ್ಟು ಕೈ, ಮುಖದಲ್ಲಿ ಬಂದು, ಆಳಕ್ಕಿಳಿಯದೆ ನೀಲಿಗಟ್ಟಿದ ನೀರುಗುಳ್ಳೆಯಂತಿದ್ದರೆ ಲ್ಯುಕೇಮಿಯಾ ಅಥವಾ ಅಸ್ಥಿಮಜ್ಜೆಯ ಬೇರೆ ಕಾಯಿಲೆಯ ಅನುಮಾನ ಬಲವಾಗುತ್ತದೆ. ಸ್ಮಿಯರಿನಲ್ಲಿ ಅಪಕ್ವ ಕಣಗಳಿದ್ದರೆ ಮಜ್ಜೆಯ ಪರೀಕ್ಷೆ ತಡ ಮಾಡುವಂತಿಲ್ಲ. ಇವುಗಳ ಜೊತೆಗೆ ಸಂಧಿವಾತ, ವ್ಯಾಸ್ಕುಲೈಟಿಸ್ ಮೊದಲಾದವುಗಳ ಸುಳಿವು ಕೊಡುವ ರಕ್ತಪರೀಕ್ಷೆಗಳು: ಆರ್‌ಎ ಫ್ಯಾಕ್ಟರ್, ಆಂಟಿ-ಸಿಸಿಪಿ, ಎಎನ್‌ಎ, ಆಂಕಾ. ಯುವತಿಯರಲ್ಲಿ ಎರಡೂ ತೋಳಿನ ಬಿಪಿ ನೋಡಬೇಕು, ಟಕಯಾಸು ಆರ್ಟರೈಟಿಸ್ (ದೊಡ್ಡ ರಕ್ತನಾಳಗಳ ಉರಿಯೂತ) ಜೊತೆ ಪಿಜಿ ಬಂದದ್ದು ಜಪಾನಿನಿಂದ ಹೆಚ್ಚಾಗಿ ವರದಿಯಾಗಿದೆ. ಚಿಕ್ಕಂದಿನಿಂದ ಕೀಲು ಊದಿಕೊಂಡು, ಹರೆಯದಲ್ಲಿ ವಿಪರೀತ ಮೊಡವೆಯಾಗಿ, ಆಮೇಲೆ ಹುಣ್ಣು ಬಂದರೆ ಪಿಎಸ್‌ಟಿಪಿಐಪಿ1 ಜೀನಿನ ದೋಷದ ಪಾಪಾ ಸಿಂಡ್ರೋಮ್ ಎಂಬ ಹುಟ್ಟುಕಾಯಿಲೆ ನೆನಪಾಗಬೇಕು.

ಚಿಕಿತ್ಸೆ. ಬ್ರಿಟನ್ನಿನ ಸ್ಟಾಪ್ ಗ್ಯಾಪ್ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ದಿನಕ್ಕೆ ಪ್ರೆಡ್ನಿಸೊಲೋನ್ ಕೆಜಿಗೆ 0.75 ಮಿಲಿಗ್ರಾಮ್, ಸೈಕ್ಲೋಸ್ಪೊರಿನ್ ಕೆಜಿಗೆ 4 ಮಿಲಿಗ್ರಾಮ್, ಎರಡನ್ನೂ ಹೋಲಿಸಿದರು. ಆರು ತಿಂಗಳಲ್ಲಿ ಪೂರ್ತಿ ಮಾಗಿದವರು ಎರಡೂ ಗುಂಪಿನಲ್ಲಿ 47 ಶೇಕಡಾ. ಅಂದರೆ ಆರು ತಿಂಗಳಾದರೂ ಅರ್ಧಕ್ಕಿಂತ ಹೆಚ್ಚು ಜನರ ಹುಣ್ಣು ಮುಚ್ಚಿರಲಿಲ್ಲ. ಈ ಅಂಕಿಯನ್ನು ರೋಗಿಗೆ ಮೊದಲ ವಾರದಲ್ಲೇ ಹೇಳುವುದು ಒಳ್ಳೆಯದು. ಹದಿನೈದು ದಿನದಲ್ಲಿ ವಾಸಿಯಾಗುತ್ತದೆ ಎಂದು ನಂಬಿದವರೇ ಮೂರನೇ ವಾರ ಬೇರೆ ಕಡೆ ಹೋಗಿ ಮತ್ತೆ ಕೆರೆಸಿಕೊಂಡು ಬರುತ್ತಾರೆ.

ಯಾವುದನ್ನು ಆರಿಸುವುದು ಎಂಬುದನ್ನು ರೋಗಿಯ ಉಳಿದ ದೇಹವೇ ಹೇಳುತ್ತದೆ. ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ, ಮೂಳೆ ಸವೆದವರಿಗೆ ಸೈಕ್ಲೋಸ್ಪೊರಿನ್ ಮೇಲು. ಬಿಪಿ ಹೆಚ್ಚಿರುವವರಿಗೆ, ಮೂತ್ರಪಿಂಡ ಸರಿಯಿಲ್ಲದವರಿಗೆ, ಕ್ಯಾನ್ಸರ್ ಇರುವವರಿಗೆ ಸ್ಟೀರಾಯ್ಡೇ ಗತಿ. 60 ಕೆಜಿ ತೂಕದವರಿಗೆ ಪ್ರೆಡ್ನಿಸೊಲೋನ್ 45 ಮಿಲಿಗ್ರಾಮ್, ಬೆಳಗಿನ ತಿಂಡಿಯ ನಂತರ ಒಂದೇ ಸಲ. ಕೊಡುವ ಮೊದಲು ಎದೆಯ ಎಕ್ಸ್‌ರೇ, ಕ್ಷಯ ಅಡಗಿದೆಯೇ ಎಂದು ನೋಡುವ ಮಾಂಟು ಅಥವಾ ಇಗ್ರಾ, ಹೆಪಟೈಟಿಸ್ ಬಿ-ಸಿ, ಎಚ್‌ಐವಿ, ಸಕ್ಕರೆ. ಬರಿಗಾಲಲ್ಲಿ ಗದ್ದೆ-ತೋಟದಲ್ಲಿ ದುಡಿಯುವವರಲ್ಲಿ ಸ್ಟ್ರಾಂಜಿಲಾಯ್ಡಿಸ್ ಹುಳು ಸದ್ದಿಲ್ಲದೆ ಇರಬಹುದು. ಸ್ಟೀರಾಯ್ಡಿನ ಮರೆಯಲ್ಲಿ ಅದು ಮೈಯೆಲ್ಲ ಹರಡಬಲ್ಲದು, ಅದಕ್ಕೇ ಮಲ ಪರೀಕ್ಷೆ ಮಾಡಿಸಿ, ಅನುಮಾನವಿದ್ದರೆ ಮೊದಲೇ ಐವರ್‌ಮೆಕ್ಟಿನ್ ಕೊಡುತ್ತೇವೆ. ಕ್ಯಾಲ್ಸಿಯಂ, ವಿಟಮಿನ್ ಡಿ ಮೊದಲ ದಿನದಿಂದಲೇ.

ಸೈಕ್ಲೋಸ್ಪೊರಿನ್ ತೆಗೆದುಕೊಳ್ಳುವವರಿಗೆ ಎರಡು ವಾರಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್. ಮೊದಲಿದ್ದುದಕ್ಕಿಂತ ಕಾಲುಭಾಗ ಏರಿದರೆ ಮತ್ತೊಮ್ಮೆ ನೋಡಿ, ಏರಿಕೆ ನಿಜವಾದರೆ ಡೋಸು ಇಳಿಸಬೇಕು. ಗ್ರೇಪ್‌ಫ್ರೂಟ್ ತಿನ್ನಬೇಡಿ ಎಂಬ ಎಚ್ಚರಿಕೆ ಔಷಧಿಯ ಡಬ್ಬಿಯೊಳಗಿನ ಚೀಟಿಯಲ್ಲಿರುತ್ತದೆ. ಆ ಹಣ್ಣು ನಮ್ಮಲ್ಲಿ ಯಾರೂ ಕಾಣೆವು. ಅದರ ಹತ್ತಿರದ ಬಂಧು ಚಕ್ಕೋತ, ಅದೂ ರಕ್ತದಲ್ಲಿ ಸೈಕ್ಲೋಸ್ಪೊರಿನ್ ಏರಿಸುತ್ತದೆ. ದೇವನಹಳ್ಳಿಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕು. ಎರಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್, ಫ್ಲುಕೊನಜೋಲ್, ಡಿಲ್ಟಿಯಾಜೆಮ್ ಕೂಡ ಹಾಗೆಯೇ ಮಾಡುತ್ತವೆ.

ಹುಣ್ಣು ಎರಡು-ಮೂರು ಸೆಂಟಿಮೀಟರ್ ಒಳಗಿದ್ದು ನಿಧಾನವಾಗಿದ್ದರೆ ಮಾತ್ರೆಯಿಲ್ಲದೆಯೂ ಆಗಬಹುದು: ಅಂಚಿಗೆ ಕ್ಲೊಬೆಟಾಸಾಲ್ 0.05 ಅಥವಾ ಟ್ಯಾಕ್ರೊಲಿಮಸ್ 0.1 ಶೇಕಡಾ ಮುಲಾಮು. ಒಳಗಿನ ಕಾಯಿಲೆ ಕರುಳಿನದ್ದಾದರೆ ಅಥವಾ ಸ್ಟೀರಾಯ್ಡಿಗೆ ಬಗ್ಗದಿದ್ದರೆ ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್, ಕೆಜಿಗೆ 5 ಮಿಲಿಗ್ರಾಮ್. 2006ರ ಪ್ರಯೋಗದಲ್ಲಿ ಎರಡೇ ವಾರಕ್ಕೆ ಇದನ್ನು ಪಡೆದವರಲ್ಲಿ 46 ಶೇಕಡಾ, ಹುಸಿ ಔಷಧಿ (ಪ್ಲಸೀಬೊ) ಪಡೆದವರಲ್ಲಿ 6 ಶೇಕಡಾ ಮಂದಿಗೆ ಸುಧಾರಣೆ ಕಂಡಿತು. ಅದೇ ಬಗೆಯ ಅಡಾಲಿಮುಮ್ಯಾಬ್‌ಗೆ ಜಪಾನ್ 2020ರಲ್ಲಿ ಪಿಜಿಗೆಂದೇ ಒಪ್ಪಿಗೆ ಕೊಟ್ಟಿತು. ಅದರ ಭಾರತೀಯ ಬಯೋಸಿಮಿಲರ್‌ಗಳು (ಮೂಲ ಔಷಧಿಯನ್ನೇ ಹೋಲುವ ರೂಪಗಳು) ಇರುವುದರಿಂದ ಬೆಲೆ ಮೊದಲಿನಷ್ಟು ನಿಲುಕದ್ದಲ್ಲ, ಅಗ್ಗವಂತೂ ಅಲ್ಲ. ಡ್ಯಾಪ್ಸೋನ್ ಅಗ್ಗ, ಸ್ಟೀರಾಯ್ಡ್ ಇಳಿಸುವಾಗ ಆಸರೆಗೆ ಒಳ್ಳೆಯದು, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದೆಯೇ ಎಂದು ಪರೀಕ್ಷೆ ಮಾಡಿಯೇ ಕೊಡಬೇಕು.

ಔಷಧಿ ಹಿಡಿಯಿತೆಂದು ಮೊದಲು ಹೇಳುವುದು ರೋಗಿಯೇ. ಕೆಲವೇ ದಿನದಲ್ಲಿ ನೋವು ಇಳಿದು ರಾತ್ರಿ ನಿದ್ದೆ ಬರುತ್ತದೆ. ಆಗ ಹುಣ್ಣಿನ ಗಾತ್ರ ಹಾಗೆಯೇ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಆಮೇಲೆ ಅಂಚಿನ ಸೀಸದ ಬಣ್ಣ ಕಂದಾಗುತ್ತದೆ, ಉಬ್ಬು ತಗ್ಗುತ್ತದೆ, ಹತ್ತಿಕಡ್ಡಿ ಒಳಗೆ ಸರಿಯುವುದು ನಿಲ್ಲುತ್ತದೆ. ಇನ್ನೂ ಕೆಲವು ದಿನಕ್ಕೆ ಅಂಚಿನಿಂದ ತಳದ ಕಡೆಗೆ ಹೊಸ ಚರ್ಮದ ತೆಳು ಎಳೆಗಳು ಇಳಿದುಬರುತ್ತವೆ. ಭೂತಗನ್ನಡಿ ಹಿಡಿದರೆ ಸ್ಪಷ್ಟವಾಗಿ ಕಾಣುತ್ತವೆ. ಡ್ರೆಸ್ಸಿಂಗ್ ಎಳೆದರೆ ಮೊದಲು ಹರಿಯುವುದೂ ಇವೇ.

ಡ್ರೆಸ್ಸಿಂಗಿನ ವಿಷಯದಲ್ಲಿ ನಾವು ಸ್ವಲ್ಪ ಹಠಮಾರಿಗಳು. ಹೈಡ್ರೊಜನ್ ಪೆರಾಕ್ಸೈಡ್ ಬೇಡ, ಯೂಸಾಲ್ (ಕ್ಲೋರಿನ್ ದ್ರಾವಣ) ಬೇಡ, ನೀರು ಬೆರೆಸದ ಬೆಟಾಡಿನ್ ಬೇಡ, ಬ್ಲೇಡು-ಕತ್ತರಿಯಂತೂ ಬೇಡವೇ ಬೇಡ. ಅರೆದ ಸೊಪ್ಪು, ಅರಿಶಿನ, ಹೊಗೆಸೊಪ್ಪು ಕೂಡ. ಒಣಗಿ ಅಂಟಿದ ಸೊಪ್ಪನ್ನು ಕೀಳುವುದೇ ಒಂದು ಗಾಯ. ಉಗುರುಬೆಚ್ಚಗಿನ ಸೆಲೈನ್ ಸುರಿದು ತೊಳೆದರೆ ಸಾಕು. ಮನೆಯಲ್ಲಾದರೆ ಹತ್ತು ನಿಮಿಷ ಕುದಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಮಟ್ಟಸವಾಗಿ ಒಂದೂವರೆ ಟೀ ಚಮಚ. ಆರಿಸಿ ಬಳಸಿ, ಉಳಿದದ್ದನ್ನು ಮರುದಿನಕ್ಕೆ ಇಡಬೇಡಿ. ಹಳೆಯ ಗಾಜ್ ಅಂಟಿದ್ದರೆ ಅದೇ ನೀರಿನಲ್ಲಿ 10-15 ನಿಮಿಷ ನೆನೆಸಿ, ತಾನಾಗಿ ಬಿಟ್ಟುಕೊಳ್ಳುವವರೆಗೆ ಕಾಯಬೇಕು. ತಳಕ್ಕೆ ಪ್ಯಾರಾಫಿನ್ ಗಾಜ್ ಅಥವಾ ಸಿಲಿಕೋನ್ ಮುಖದ ಫೋಮ್, ಮೇಲೆ ಹೀರುವ ಪ್ಯಾಡ್, ಅದರ ಮೇಲೆ ಸುರುಳಿ ಬ್ಯಾಂಡೇಜು. ಪ್ಲಾಸ್ಟರನ್ನು ಬ್ಯಾಂಡೇಜಿಗೆ ಅಂಟಿಸಿ, ಚರ್ಮಕ್ಕಲ್ಲ. ಕಾಲು ಊದಿದ್ದರೆ ಬಿಗಿ ಬ್ಯಾಂಡೇಜು ಒಳ್ಳೆಯದೇ, ಆದರೆ ಅಂಚು ತಣ್ಣಗಾದ ಮೇಲೆ, ಕಣಕಾಲು-ತೋಳಿನ ಬಿಪಿ ಅನುಪಾತ 0.8ಕ್ಕಿಂತ ಮೇಲಿದ್ದರೆ ಮಾತ್ರ.

ಎರಡರಿಂದ ನಾಲ್ಕು ವಾರದಲ್ಲಿ ನೋವೂ ಇಳಿಯದೆ ಅಂಚೂ ನಿಲ್ಲದಿದ್ದರೆ ಔಷಧಿ ಏರಿಸುವ ಮುನ್ನ ರೋಗನಿರ್ಣಯವನ್ನೇ ಅನುಮಾನಿಸಬೇಕು. ಕಲ್ಚರ್ ವರದಿಗಳೆಲ್ಲ ಬಂದವೇ? ಇನ್ನೊಂದು ಬಯಾಪ್ಸಿ ಬೇಕೇ? ಆಮೇಲೆ ಸಣ್ಣ ಕಾರಣಗಳು. ಊರಿನ ಡ್ರೆಸ್ಸಿಂಗ್ ಕೋಣೆಯಲ್ಲಿ ಯಾರೋ ‘ಸ್ವಚ್ಛ’ ಮಾಡುತ್ತಿರಬಹುದು. ಹುಣ್ಣಿನ ಸುತ್ತ ತುರಿಕೆ, ನೀರೂರುವ ಇಸುಬು ಎದ್ದಿದ್ದರೆ ಫ್ರಾಮೈಸೆಟಿನ್ ಇರುವ ಟ್ಯೂಲ್ ಗಾಜಿನ ಅಲರ್ಜಿ. ಹಠಾತ್ ಜ್ವರ, ದುರ್ವಾಸನೆ, ಕೆಂಪು ಮೇಲಕ್ಕೇರುವುದು ಕಂಡರೆ ಈ ಸಲ ನಿಜವಾದ ಸೋಂಕು. ಪಿಜಿ ಇರುವವರಿಗೂ ಸೆಲ್ಯುಲೈಟಿಸ್ (ಚರ್ಮದಡಿಯ ಸೋಂಕು) ಬರುತ್ತದೆ, ಅದೂ ಸ್ಟೀರಾಯ್ಡಿನಲ್ಲಿದ್ದಾಗ ಬೇಗ.

ಡೋಸು ಇಳಿಸಲು ಹುಣ್ಣು ಪೂರ್ತಿ ಮುಚ್ಚುವವರೆಗೆ ಕಾಯುವುದಿಲ್ಲ. ಅಂಚು ಚಪ್ಪಟೆಯಾಗಿ ನೋವು ನಿಂತ ಮೇಲೆ ವಾರಕ್ಕೋ ಎರಡು ವಾರಕ್ಕೋ 5 ಮಿಲಿಗ್ರಾಮ್ ಕಡಿಮೆ, 20ಕ್ಕೆ ಬಂದ ಮೇಲೆ ಇನ್ನೂ ನಿಧಾನ. ಇಳಿಸಿದ ಕೆಲವು ದಿನದಲ್ಲಿ ಅಂಚು ಮತ್ತೆ ಸೀಸದ ಬಣ್ಣಕ್ಕೆ ತಿರುಗಿದರೆ ಹಿಂದಿನ ಮೆಟ್ಟಿಲಿಗೆ ಹೋಗಬೇಕು. ಮುಖ ಊದಿತು, ತೂಕ ಏರಿತು ಎಂದು ರೋಗಿ ತಾವಾಗಿ ಒಮ್ಮೆಲೇ ನಿಲ್ಲಿಸುವುದು ಎರಡು ಪಟ್ಟು ಅಪಾಯ: ಹುಣ್ಣು ಮರಳುತ್ತದೆ, ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಮರೆತಿದ್ದರೆ ಬಿಪಿ ಕುಸಿದು ಬೀಳುತ್ತಾರೆ.

ಒಮ್ಮೆ ಪಿಜಿ ಬಂದವರಿಗೆ ಮುಂದೆ ಆಗುವ ಪ್ರತಿ ಶಸ್ತ್ರಚಿಕಿತ್ಸೆಯೂ ಯೋಚಿಸಿ ಮಾಡಬೇಕಾದ್ದು. ಸಿಸೇರಿಯನ್, ಸ್ತನದ ಶಸ್ತ್ರಚಿಕಿತ್ಸೆ, ಕರುಳು ತೆಗೆದು ಹೊಟ್ಟೆಯ ಮೇಲೆ ಸ್ಟೋಮಾ (ಮಲ ಹೊರಬರುವ ಕಂಡಿ) ಮಾಡುವುದು, ಇವುಗಳ ನಂತರ ಹೊಲಿಗೆಯ ಸಾಲು ಬಿಟ್ಟು, ಅಂಚು ಕಪ್ಪಾಗಿ, ಜ್ವರವೂ ಬಂದು, ಬಿಳಿ ಕಣಗಳೂ ಏರುತ್ತವೆ. ನೋಡಿದವರಿಗೆ ಮಾಂಸ ತಿನ್ನುವ ನೆಕ್ರೊಟೈಸಿಂಗ್ ಫೇಶೈಟಿಸ್ ಎಂದೇ ಅನಿಸುತ್ತದೆ, ಆ ಸೋಂಕಿಗಾದರೆ ಔಷಧಿ ಕತ್ತಿಯೇ. ವ್ಯತ್ಯಾಸದ ಸುಳಿವೆಂದರೆ ಆಳದ ಅಂಗಾಂಶದ ಕಲ್ಚರ್ ಮತ್ತೆ ಮತ್ತೆ ಖಾಲಿ ಬರುವುದು, ಪ್ರತಿ ಡಿಬ್ರೈಡ್‌ಮೆಂಟಿನ (ಸತ್ತ ಮಾಂಸ ಕೆರೆದು ತೆಗೆಯುವುದರ) ನಂತರ ಗಾಯ ದೊಡ್ಡದಾಗುವುದು, ಡ್ರಿಪ್ಪಿನ ಜಾಗದಲ್ಲೂ ಗುಳ್ಳೆ ಏಳುವುದು. ಸ್ಟೋಮಾದ ಸುತ್ತ ಬಂದಾಗ ಚೀಲವನ್ನು ಕೀಳುವ ಪ್ರತಿ ಸಲವೂ ಪೆಟ್ಟು, ಸೋರಿದ ಮಲದಿಂದ ಇನ್ನೊಂದು. ಅಲ್ಲಿ ಅಂಟು ಬಿಡಿಸುವ ಸ್ಪ್ರೇ, ಸರಿಯಾದ ಅಳತೆಗೆ ಕತ್ತರಿಸಿದ ಫ್ಲ್ಯಾಂಜ್ (ಚೀಲವನ್ನು ಚರ್ಮಕ್ಕೆ ಹಿಡಿಸುವ ತಟ್ಟೆ), ಆದಷ್ಟು ಕಡಿಮೆ ಸಲ ಬದಲಾಯಿಸುವುದು, ಇವು ಔಷಧಿಯಷ್ಟೇ ಮುಖ್ಯ.

ಶಸ್ತ್ರಚಿಕಿತ್ಸೆ ತಪ್ಪಿಸಲಾಗದಿದ್ದರೆ ಕಾಯಿಲೆ ತಣ್ಣಗಿರುವ ಹೊತ್ತನ್ನು ಆರಿಸಿ, ಮೊದಲೇ ಸ್ಟೀರಾಯ್ಡ್ ರಕ್ಷಣೆ ಕೊಟ್ಟು, ಹೊಲಿಗೆಯನ್ನು ಚರ್ಮದಡಿಯಲ್ಲೇ ಮುಗಿಸಲು ಕೇಳುತ್ತೇವೆ. ದೊಡ್ಡ ಹುಣ್ಣಿಗೆ ಸ್ಕಿನ್ ಗ್ರಾಫ್ಟ್ ಹಾಕುವುದಾದರೂ ಇದೇ ಕ್ರಮ. ಚುರುಕಾಗಿರುವಾಗ ಹಾಕಿದರೆ ಗ್ರಾಫ್ಟೂ ಹೋಗುತ್ತದೆ, ಚರ್ಮ ತೆಗೆದ ತೊಡೆಯಲ್ಲಿ ಹೊಸ ಹುಣ್ಣೂ ಆಗುತ್ತದೆ. ಡಿಸ್ಚಾರ್ಜಿನ ದಿನ ರೋಗಿಯ ಪರ್ಸಿನಲ್ಲಿ ಹಿಡಿಯುವಷ್ಟು ಚಿಕ್ಕ ಚೀಟಿಯೊಂದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಕೊಡುತ್ತೇವೆ: ಕಾಯಿಲೆಯ ಹೆಸರು, ಈಗಿನ ಮಾತ್ರೆ ಮತ್ತು ಡೋಸು, ‘ಗಾಯ ಕೆರೆಯುವ ಮುನ್ನ ಚರ್ಮವೈದ್ಯರನ್ನು ಕೇಳಿ’ ಎಂಬ ಸಾಲು, ವಾರ್ಡಿನ ಫೋನ್ ನಂಬರು. ಹುಣ್ಣು ಮಾಗಿದ ಮೇಲೂ ಐಜಿಎ ಪಟ್ಟಿ ಇದ್ದವರು ವರ್ಷಕ್ಕೊಮ್ಮೆ ಎಲೆಕ್ಟ್ರೊಫೊರೆಸಿಸ್ ಮಾಡಿಸಬೇಕು. ಮೊದಲ ಹುಡುಕಾಟದಲ್ಲಿ ಏನೂ ಸಿಗದವರು ರಕ್ತಕಣಗಳ ಎಣಿಕೆಯ ಜೊತೆಗೆ ಹೊಟ್ಟೆ, ಕೀಲಿನ ವಿಚಾರಣೆಗೆ ಬರುತ್ತಿರಬೇಕು.